ಮತವಿಲ್ಲದ ಕುರ್ಚಿ

ಮೇ ಬಂದರೂ ಸರೋವರದ ದಡದಲ್ಲಿ
ಹಿಮದ ಹಲಗೆಗಳು ಒಂದಕ್ಕೊಂದು ಉಜ್ಜಿ ಹಲ್ಲು ಕಡಿಯುತ್ತಿದ್ದವು.
ಪುರಭವನದ ಮೂರನೇ ಮಹಡಿ, ಕೆಮ್ಮುವ ಹೀಟರು,
ಮೇಜಿನ ಈಚೆ ನಾವು ಮೂವರು:
ಗ್ರಂಥಾಲಯದ ಲೊರೇನ್ ಪೆಲ್ಕೊನೆನ್,
ಹಲ್ಲಿನ ಡಾಕ್ಟರು ಬ್ರಾಂಟ್,
ಮತ್ತೆ ನಾನು, ಮೂವತ್ತೊಂದು ಚಳಿಗಾಲ
ಈ ಊರಿನ ಹಿಮ ಗೋರಿದ ಲಾರಿಯ ಡ್ರೈವರು,
ನಿವೃತ್ತನಾಗಿ ಎರಡು ವರ್ಷ.

ಆಚೆ ಒಂದೇ ಕುರ್ಚಿ.
ಹೈಸ್ಕೂಲಿನ ಮಕ್ಕಳು, ತಲೆಗೆ ಹನ್ನೆರಡು ನಿಮಿಷ.
ಸಾರಿಗೆ ಸಲಹಾ ಆಯೋಗಕ್ಕೆ ಬೇಕು ಒಬ್ಬ ವಿದ್ಯಾರ್ಥಿ,
ಮಾತಾಡಬಹುದು, ಕೈ ಎತ್ತುವಂತಿಲ್ಲ.
ಆಯೋಗವೇ ಊಟಕ್ಕಿಲ್ಲದ ಉಪ್ಪಿನಕಾಯಿ,
ಅದಕ್ಕೊಬ್ಬ ಮತವಿಲ್ಲದ ಸದಸ್ಯ ಬೇರೆ
ಎಂದು ಕಾರು ನಿಲ್ಲಿಸುವಾಗ ನಾನೇ ನಕ್ಕಿದ್ದೆ.

ಮೊದಲು ಎಲಿಯಟ್ ಸೊರೆನ್ಸನ್. ಅಪ್ಪನದೋ ಅಣ್ಣನದೋ ಕೋಟು,
ತೋಳು ಬೆರಳುಗಳನ್ನು ನುಂಗಿತ್ತು.
ನಾಯಕತ್ವ ಎಂದ ಏಳು ಸಲ,
ಬ್ರಾಂಟ್ ತಲೆದೂಗಿದ ಏಳೂ ಸಲ.
'ಬಸ್ಸಿನಲ್ಲಿ ಓಡಾಡುತ್ತೀಯಾ?' ಎಂದೆ.
ಕಿವಿ ಕೆಂಪಾಯಿತು. 'ಇಲ್ಲ ಸರ್. ಆದರೆ ನೋಡಿದ್ದೇನೆ.'
ಸುಳ್ಳು ಹೇಳಲಿಲ್ಲವಲ್ಲ ಎಂದು ಒಂದಂಕ ಹೆಚ್ಚು ಬರೆದೆ.

ವೇಡ್ ಡಿಫೋ ಹೆಚ್ಚು ಮಾತಿನವನಲ್ಲ.
ನಮ್ಮ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನದೊಂದು:
'ಹೋದ ವರ್ಷದವರು ಕೊಟ್ಟ ಸಲಹೆ ಏನಾಯಿತು?'
ಲೊರೇನ್ ಕಡತದ ಬೀರು ನೋಡಿದಳು.
ಬೀರು ನಮ್ಮನ್ನು ನೋಡಿತು.
ಥ್ಯಾಂಕ್ಸ್ ಹೇಳಿ, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಹೋದ.

ಹೊದಾನ್ ವರ್ಸಾಮೆ ಬಂದದ್ದು ಒಂಬತ್ತು ನಿಮಿಷ ತಡ.
ಕ್ಷಮಿಸಿ ಎನ್ನಲಿಲ್ಲ, ಬಸ್ಸಿನ ಹೊತ್ತು ಹೇಳಿದಳು:
ಬರಬೇಕಾದದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ.
ಉಳಿದ ಮೂರು ನಿಮಿಷ ಪೂರ್ತಿ ಒಂದು ಬೆಂಚಿನ ಕಥೆ.
'ಆರನೇ ಬೀದಿಯ ಮೂಲೆ. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ,
ಬೆಳಗಿನ ಮೊದಲ ಬಸ್ಸು.
ರಸ್ತೆ ಗೋರುವ ಲಾರಿ ಹಿಮವನ್ನೆಲ್ಲ ತಂದು
ಬೆಂಚಿನ ಮೇಲೇ ಸುರಿಯುತ್ತದೆ. ಅಮ್ಮ ರಸ್ತೆಯಲ್ಲಿ ನಿಲ್ಲುತ್ತಾಳೆ.
ನಾಲ್ಕು ವರ್ಷದ ಹಿಂದೆ ಲಾರಿಯ ಕನ್ನಡಿ ಅವಳ ಭುಜ ಸವರಿತು.
ಡ್ರೈವರು ಹಾರ್ನ್ ಮಾಡಿದ.'
ದನಿಯಲ್ಲಿ ದೂರಿರಲಿಲ್ಲ. ಕೈಯಳತೆಯಲ್ಲಿ ತೋರಿಸಿದಳು:
ಬೆಂಚು ಇಷ್ಟು, ಗುಡ್ಡೆ ಇಷ್ಟು, ಅಮ್ಮ ಇಷ್ಟು.

ಆರನೇ ಬೀದಿ ನನ್ನ ದಾರಿ.
ಬ್ಲೇಡು ಬಲಕ್ಕೆ ಎಂದು ನಿಯಮ. ಬಲಕ್ಕೇ ತಳ್ಳಿದ್ದೆ.
ನಸುಕಿನ ಐದಕ್ಕೆ, ವೈಪರಿನ ಆಚೆ, ಬೀದಿಯೆಂದರೆ
ಬಿಳಿಯ ಒಂದು ಗೋಡೆ, ಅದರಲ್ಲಿ ಕೆಲವು ಕಪ್ಪು ಕಲೆ.
ಕಲೆಗಳಿಗೆ ಹಾರ್ನ್ ಹೊಡೆದದ್ದುಂಟು. ಎಷ್ಟೋ ಸಲ.
ಯಾವುದು ಅವಳಮ್ಮ?

ಅಂಕದ ಹಾಳೆ. ವಿಷಯಜ್ಞಾನಕ್ಕೆ ಹತ್ತು, ಮಾತಿಗೆ ಹತ್ತು.
ಸಮಯಪಾಲನೆಗೆ ಬ್ರಾಂಟ್ ಸೊನ್ನೆ ಸುತ್ತಿದ್ದು
ಪೆನ್ನಿನ ತಿರುವಿನಲ್ಲೇ ಕಂಡಿತು.
ನಾನು ಹತ್ತು ಬರೆದೆ, ಒತ್ತಿ,
ಕೆಳಗಿನ ಹಾಳೆಗೂ ಮೂಡುವಂತೆ.
ತುದಿಯಲ್ಲೊಂದು ಸಣ್ಣ ಅಕ್ಷರದ ಪ್ರಶ್ನೆ:
ಅಭ್ಯರ್ಥಿಯ ಕುಟುಂಬದೊಡನೆ ನಿಮಗೆ
ಹಿಂದಿನ ಸಂಬಂಧವೇನಾದರೂ ಉಂಟೇ?
ಇಲ್ಲ ಎಂದು ಗುರುತು ಹಾಕಿದೆ.
ಹೀಟರು ಕೆಮ್ಮಿತು.
ಗೀಟು ಎಳೆದು, ಉಂಟು ಎಂದೆ.

ಲೊರೇನ್ ಕನ್ನಡಕ ಏರಿಸಿ ಓದಿದಳು. 'ಹಾಗಿದ್ದರೆ, ಗಾರ್ಡನ್,
ನಿನ್ನ ಅಂಕ ಲೆಕ್ಕಕ್ಕಿಲ್ಲ.'
ಮೆಲ್ಲಗೆ ಸೇರಿಸಿದಳು, 'ಬೇಕಾದರೆ ಮಾತಾಡಬಹುದು.'
ಮಾತಾಡಿದೆ. ಇಪ್ಪತ್ತು ನಿಮಿಷ.
ಬ್ರಾಂಟ್ ಗಡಿಯಾರ ನೋಡಿದ.

ಎಲಿಯಟ್ ಆಯ್ಕೆಯಾದ. ಒಳ್ಳೆಯ ಹುಡುಗ.

ಕಾರನ್ನು ಅಲ್ಲೇ ಬಿಟ್ಟು ಆರನೇ ಬೀದಿಗೆ ನಡೆದೆ.
ಗುಡ್ಡೆ ಕರಗಿತ್ತು, ಅದರ ಮರಳು ಉಳಿದಿತ್ತು,
ಬೆಂಚಿನ ಒಂದು ಕಾಲು ಬಲಕ್ಕೆ ಸೊಟ್ಟ.
ಕಬ್ಬಿಣ ಅಷ್ಟು ಬಾಗಲು ಎಷ್ಟು ಭಾರ ಬೇಕೆಂದು ನನಗೆ ಗೊತ್ತು.
ಕೂತೆ. ಬಸ್ಸು ಬಂತು, ಬಾಗಿಲು ತೆರೆಯಿತು,
'ಹತ್ತುತ್ತೀರಾ?' ಎಂದ ಡ್ರೈವರು.
ಎಷ್ಟು ನಿಮಿಷ ತಡ ಎಂದು ಕೇಳಿ,
ಪಾರ್ಕಿಂಗ್ ಚೀಟಿಯ ಬೆನ್ನಿಗೆ ಬರೆದುಕೊಂಡೆ.